ಸ್ಪ್ರಿಂಕ್ಲರ್ ಟ್ಯಾಂಕ್ ಮತ್ತೆ ತುಂಬಲು ಎಷ್ಟು ಗಂಟೆ ಬೇಕು? ನಮ್ಮಲ್ಲಿ ಅಳೆದು ನೋಡಿದ ಲೆಕ್ಕ ಮತ್ತು ನನ್ನ ಸಂದೇಹಗಳು

ಕಟ್ಟಡ ಮೇಲ್ವಿಚಾರಕಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ವ್ಯವಸ್ಥೆಗಾಗಿಯೇ, ಅಂದರೆ ಬೆಂಕಿಯ ಶಾಖಕ್ಕೆ ಚಾವಣಿಯಿಂದ ತಾನಾಗಿ ನೀರು ಸುರಿಸುವ ವ್ಯವಸ್ಥೆಗಾಗಿಯೇ, ಮೀಸಲಾದ ಒಂದು ನೆಲದಡಿಯ ಕಾಂಕ್ರೀಟ್ ಟ್ಯಾಂಕ್ ಇದೆ. ಒಳ ಅಳತೆಯಲ್ಲಿ ಅದು 8 ಮೀಟರ್ ಉದ್ದ, 6 ಮೀಟರ್ ಅಗಲವಿದ್ದು, ಭರ್ತಿಯಾದಾಗ ನೀರಿನ ಎತ್ತರ 2.5 ಮೀಟರ್ ಇರುತ್ತದೆ. ಅಂದರೆ ಕಾಗದದ ಮೇಲೆ 1,20,000 ಲೀಟರ್. ವಿನ್ಯಾಸದ ಕಡತದಲ್ಲಿ ಸ್ಪ್ರಿಂಕ್ಲರ್‌ಗಳಿಗೆ ನಿಮಿಷಕ್ಕೆ 1,500 ಲೀಟರ್, ಹೋಸ್‌ಗಳಿಗೆ 500 ಲೀಟರ್, ಒಟ್ಟು 2,000 ಲೀಟರ್‌ನಂತೆ 60 ನಿಮಿಷಕ್ಕೆ ನೀರು ಬೇಕೆಂದು ಬರೆದಿರುವುದರಿಂದ ಈ ಗಾತ್ರವನ್ನು ಆರಿಸಿದ್ದಾರೆ.

ಕಳೆದ ವಾರ ಪಂಪ್‌ನ ವಾರ್ಷಿಕ ಪರೀಕ್ಷೆ ನಡೆಯಿತು. ಪೂರ್ಣ ಹರಿವಿನಲ್ಲಿ, ಅಂದರೆ ನಿಮಿಷಕ್ಕೆ 2,000 ಲೀಟರ್‌ನಂತೆ ಹತ್ತು ನಿಮಿಷ, ಬಳಿಕ ಅದರ ಶೇ. 150ರ ಹರಿವಿನಲ್ಲಿ, ಅಂದರೆ ನಿಮಿಷಕ್ಕೆ 3,000 ಲೀಟರ್‌ನಂತೆ ಇನ್ನು ಹತ್ತು ನಿಮಿಷ ಓಡಿಸಿ, ನೀರನ್ನು ಹೊರಗಿನ ಚರಂಡಿಗೆ ಬಿಟ್ಟರು. ಒಟ್ಟು 50,000 ಲೀಟರ್ ಹೊರಹೋಯಿತು, ಮಟ್ಟ 104 ಸೆಂಟಿಮೀಟರ್ ಇಳಿಯಿತು. ಸಂಜೆ 5 ಗಂಟೆಗೆ ಪರೀಕ್ಷೆ ಮುಗಿಸಿ, ತುಂಬುವ ಕೊಳವೆಯ ವಾಲ್ವ್ ಪೂರ್ತಿ ತೆರೆದಿದೆಯೆಂದು ನಾನೇ ಕಣ್ಣಾರೆ ಕಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ 7 ಗಂಟೆಗೆ ಬಂದು ಅಳತೆ ಕೋಲು ಇಳಿಸಿದರೆ ಇನ್ನೂ 20 ಸೆಂಟಿಮೀಟರ್ ಕೊರತೆಯಿತ್ತು. ಹದಿನಾಲ್ಕು ಗಂಟೆಯಲ್ಲಿ ಏರಿದ್ದು 84 ಸೆಂಟಿಮೀಟರ್ ಮಾತ್ರ.

ಪರೀಕ್ಷೆಗೆ ಬಂದವರ ವರದಿಯಲ್ಲಿ ಪಂಪ್ ಸರಿಯಿದೆ ಎಂದಿದೆ, ಟ್ಯಾಂಕ್ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಪ್ರಶ್ನೆಗಳು ಇವು. ಇಷ್ಟು ನಿಧಾನವಾಗಿ ತುಂಬುವುದು ಸಹಜವೇ? ಟ್ಯಾಂಕ್ ಇಷ್ಟು ಗಂಟೆಯೊಳಗೆ ಮತ್ತೆ ತುಂಬಬೇಕೆಂಬ ನಿಯಮ ಎಲ್ಲಿಯಾದರೂ ಇದೆಯೇ? ಇದ್ದರೆ ಎಲ್ಲಿಂದ ಸರಿಪಡಿಸಲು ಆರಂಭಿಸಬೇಕು?

ಕೊಳವೆ ವಿನ್ಯಾಸಕ:

ಮೇಲ್ವಿಚಾರಕಿಯವರೇ, ಅಳತೆ ಕೋಲು ಇಳಿಸಿ ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಆಯಿತು. ನಿಮ್ಮ ಟ್ಯಾಂಕ್‌ನ ತಳ 48 ಚದರ ಮೀಟರ್ ಇರುವುದರಿಂದ ಒಂದು ಸೆಂಟಿಮೀಟರ್ ಏರಿಕೆಗೆ 480 ಲೀಟರ್ ನೀರು ಬೇಕು. ಗಂಟೆಗೆ 6 ಸೆಂಟಿಮೀಟರ್ ಏರಿದೆ ಎಂದರೆ ಒಳಬಂದದ್ದು ಗಂಟೆಗೆ 2,880 ಲೀಟರ್, ನಿಮಿಷಕ್ಕೆ 48 ಲೀಟರ್. ಇದೇ ವೇಗದಲ್ಲಿ ಖಾಲಿ ಟ್ಯಾಂಕ್ ತುಂಬಲು ಸುಮಾರು 42 ಗಂಟೆ ಬೇಕಾಗುತ್ತದೆ.

ನಿಯಮದ ಪ್ರಶ್ನೆಗೆ ಉತ್ತರ: ಇದೆ. ಖಾಸಗಿ ಅಗ್ನಿರಕ್ಷಣೆಯ ನೀರಿನ ಟ್ಯಾಂಕ್‌ಗಳ ಕುರಿತ ಅಮೆರಿಕದ ಅಗ್ನಿರಕ್ಷಣಾ ಸಂಘದ ಎನ್‌ಎಫ್‌ಪಿಎ 22 ಮಾನಕದ ಪ್ರಕಾರ, ತುಂಬುವ ವ್ಯವಸ್ಥೆಯು ಟ್ಯಾಂಕನ್ನು ಗರಿಷ್ಠ 8 ಗಂಟೆಯಲ್ಲಿ ತುಂಬಿಸುವಷ್ಟು ದೊಡ್ಡದಿರಬೇಕು. ಯೂರೋಪಿನ ಇಎನ್ 12845 ಮಾನಕವು ಪೂರ್ಣ ಸಾಮರ್ಥ್ಯದ ಟ್ಯಾಂಕ್‌ಗೆ 36 ಗಂಟೆಯವರೆಗೆ ಅವಕಾಶ ಕೊಡುತ್ತದೆ. ಎರಡರ ನಡುವೆ ಇಷ್ಟು ದೊಡ್ಡ ಅಂತರವಿದ್ದರೂ ನಿಮ್ಮ 42 ಗಂಟೆ ಎರಡಕ್ಕೂ ಒಗ್ಗುವುದಿಲ್ಲ. ನಿಮ್ಮ ಕಟ್ಟಡಕ್ಕೆ ಯಾವ ಮಾನಕ ಅನ್ವಯಿಸುತ್ತದೆ ಎಂಬುದನ್ನು ವಿನ್ಯಾಸದ ಕಡತದ ಮೊದಲ ಪುಟಗಳಲ್ಲಿಯೇ ಬರೆದಿರುತ್ತಾರೆ. ಮೊದಲು ಅದನ್ನು ನೋಡಿ.

8 ಗಂಟೆಯ ಗುರಿ ಇಟ್ಟುಕೊಂಡರೆ ಗಂಟೆಗೆ 15,000 ಲೀಟರ್, ಅಂದರೆ ನಿಮಿಷಕ್ಕೆ 250 ಲೀಟರ್ ಒಳಬರಬೇಕು. ನಿಮ್ಮ ತುಂಬುವ ಕೊಳವೆ 25 ಮಿಲಿಮೀಟರ್‌ನದ್ದಿರಬೇಕೆಂದು ನನ್ನ ಊಹೆ. ಅಷ್ಟು ಸಣ್ಣ ಕೊಳವೆಯಲ್ಲಿ ನಿಮಿಷಕ್ಕೆ 250 ಲೀಟರ್ ಹರಿಸಲು ಸೆಕೆಂಡಿಗೆ ಎಂಟೂವರೆ ಮೀಟರ್ ವೇಗ ಬೇಕು, ಅದು ಆಗದ ಮಾತು. 50 ಮಿಲಿಮೀಟರ್ ಕೊಳವೆಯಲ್ಲಿ ಇದೇ ಹರಿವಿಗೆ ವೇಗ ಸೆಕೆಂಡಿಗೆ ಸುಮಾರು 2.1 ಮೀಟರ್ ಆಗುತ್ತದೆ, 80 ಮಿಲಿಮೀಟರ್‌ನಲ್ಲಿ ಸುಮಾರು 0.8 ಮೀಟರ್. ದೂರ ಕಡಿಮೆಯಿದ್ದು ಒತ್ತಡ ಚೆನ್ನಾಗಿದ್ದರೆ 50 ಸಾಕು, ಇಲ್ಲದಿದ್ದರೆ 80 ಬೇಕು.

ಒಂದು ಎಚ್ಚರಿಕೆಯ ಮಾತು. ಟ್ಯಾಂಕ್ ಹತ್ತಿರದ ಕೊಳವೆಯನ್ನು ಮಾತ್ರ ದೊಡ್ಡದು ಮಾಡಿಸಿ, ಅದಕ್ಕಿಂತ ಹಿಂದಿನ ಮೀಟರ್, ಕಸ ತಡೆಯುವ ಜಾಲರಿ, ವಾಲ್ವ್‌ಗಳನ್ನು ಹಾಗೆಯೇ ಬಿಟ್ಟರೆ ದುಡ್ಡು ದಂಡ. ಹರಿವು 48ರಿಂದ 250 ಲೀಟರ್‌ಗೆ ಏರಿದರೆ, ಅದೇ ಅಳತೆಯ ಕೊಳವೆಯಲ್ಲಿ ಘರ್ಷಣೆಯಿಂದ ಆಗುವ ಒತ್ತಡದ ನಷ್ಟ ಇಪ್ಪತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಇಡೀ ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದೋ ಅದೇ ಹರಿವನ್ನು ನಿರ್ಧರಿಸುತ್ತದೆ.

ವಸತಿ ಸಂಘದ ಕಾರ್ಯದರ್ಶಿ:

ಚರ್ಚೆಯ ನಡುವೆ ಒಂದು ಸಾಮಾನ್ಯ ಸಂದೇಹ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಟ್ಯಾಂಕ್‌ನ ನೀರು ಖರ್ಚಾಗುವುದು ಬೆಂಕಿ ಬಿದ್ದಾಗ. ಬೆಂಕಿ ಆರಿದ ಮೇಲೆ ಕಟ್ಟಡ ಹೇಗೂ ಕೆಲವು ದಿನ ಮುಚ್ಚಿರುತ್ತದೆ. ಹೀಗಿರುವಾಗ 8 ಗಂಟೆಯಲ್ಲಿ ತುಂಬಿದರೇನು, ಎರಡು ದಿನದಲ್ಲಿ ತುಂಬಿದರೇನು? ಕೊಳವೆ ಬದಲಿಸಲು ಅಷ್ಟು ಖರ್ಚು ಮಾಡಬೇಕೇ ಎಂದು ನಮ್ಮ ಸಂಘದ ಸಭೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು.

ನಿವೃತ್ತ ಅಗ್ನಿಶಾಮಕ ಅಧಿಕಾರಿ:

ಕಾರ್ಯದರ್ಶಿಯವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದರ ಬುಡದಲ್ಲಿರುವ ನಂಬಿಕೆ ಸರಿಯಲ್ಲ. ಸ್ಪ್ರಿಂಕ್ಲರ್ ಇರುವ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಎಲ್ಲ ಹೆಡ್‌ಗಳೂ (ನೀರು ಸುರಿಸುವ ಬಾಯಿಗಳು) ಒಟ್ಟಿಗೆ ತೆರೆಯುವುದಿಲ್ಲ. ಪ್ರತಿ ಹೆಡ್ ತನ್ನ ಸುತ್ತಲಿನ ಶಾಖಕ್ಕೆ ತಾನೇ ಒಡೆಯುತ್ತದೆ. ಹೆಡ್‌ನ ಬಾಯಿ ಮುಚ್ಚಿ ಹಿಡಿದಿರುವ, ಕೆಂಪು ದ್ರವವಿರುವ ಗಾಜಿನ ಬಲ್ಬ್ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುವಂಥದ್ದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದ 22ನೇ ಮಹಡಿಯಲ್ಲಿ ಹೊತ್ತಿದ ಬೆಂಕಿ ಮಹಡಿ ಮಹಡಿಯನ್ನೇ ನುಂಗುತ್ತಾ ಮೇಲೇರಿ, ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿಗೆ ಬಂದು ನಿಂತಿತು. ಅಲ್ಲಿ ತೆರೆದದ್ದು ಹತ್ತೇ ಹೆಡ್‌ಗಳು, ಅವುಗಳಿಗೆ ನೀರು ಒದಗಿಸಿದ್ದು ಕೆಳಗೆ ನಿಂತಿದ್ದ ಅಗ್ನಿಶಾಮಕ ವಾಹನಗಳು.

ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಬಳಸುವ ಕೆ-80 ಹೆಡ್ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಸುರಿಸುತ್ತದೆ. ಹತ್ತು ಹೆಡ್‌ಗಳು ಅರ್ಧ ಗಂಟೆ ಸುರಿಸಿದರೂ 24,000 ಲೀಟರ್. ಮೇಲ್ವಿಚಾರಕಿಯವರ ಟ್ಯಾಂಕ್‌ನಲ್ಲಿ ಅದು 50 ಸೆಂಟಿಮೀಟರ್. ಅವರ ವಾರ್ಷಿಕ ಪರೀಕ್ಷೆಯೇ ಅದರ ಎರಡರಷ್ಟು ನೀರನ್ನು ಇಪ್ಪತ್ತು ನಿಮಿಷದಲ್ಲಿ ಹೊರಹಾಕಿದೆ. ಟ್ಯಾಂಕ್ ಬರಿದಾಗುವುದು ಬೆಂಕಿಗಿಂತ ಹೆಚ್ಚಾಗಿ ಪರೀಕ್ಷೆ, ಹೂಳು ತೆಗೆಯುವುದು, ದುರಸ್ತಿ, ಸೋರಿಕೆ ಇವುಗಳಿಂದ. ಆ ದಿನಗಳಲ್ಲಿ ಕಟ್ಟಡ ಮುಚ್ಚಿರುವುದಿಲ್ಲ. ಜನ ಕೆಲಸ ಮಾಡುತ್ತಿರುತ್ತಾರೆ, ಮಲಗಿರುತ್ತಾರೆ, ತಲೆಯ ಮೇಲೆ ಸ್ಪ್ರಿಂಕ್ಲರ್ ಇದೆ ಎಂದು ನಂಬಿರುತ್ತಾರೆ.

ಇನ್ನು ಬೆಂಕಿ ಆರಿದ ಮೇಲಿನ ಮಾತು. ಹತ್ತಿ, ಕಾಗದದ ಕಟ್ಟು, ಮರದ ರಾಶಿ ಇಂಥವುಗಳ ಒಳಗೆ ಕಿಡಿ ಗಂಟೆಗಟ್ಟಲೆ ಉಳಿದು ಮತ್ತೆ ಹೊತ್ತಿಕೊಳ್ಳುತ್ತದೆ. ಒಡೆದ ಹೆಡ್‌ಗಳನ್ನು ಬದಲಿಸಿ ವಾಲ್ವ್ ತೆರೆಯಲು ಒಂದೆರಡು ಗಂಟೆ ಸಾಕು. ಆದರೆ ಟ್ಯಾಂಕ್‌ನಲ್ಲಿ ನೀರಿಲ್ಲದಿದ್ದರೆ ವಾಲ್ವ್ ತೆರೆದು ಪ್ರಯೋಜನವೇನು? ನನ್ನ ಸೇವಾವಧಿಯಲ್ಲಿ ಒಂದು ಗೋದಾಮಿನಲ್ಲಿ ಎರಡನೆಯ ಬಾರಿ ಹೊಗೆ ಎದ್ದಾಗ ಟ್ಯಾಂಕ್‌ನಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ; ನಮ್ಮ ವಾಹನ ಇನ್ನೂ ಅಲ್ಲಿಯೇ ಇದ್ದದ್ದರಿಂದ ಅನಾಹುತ ತಪ್ಪಿತು. ಆ ದಿನದಿಂದ ಯಾವ ಕಟ್ಟಡಕ್ಕೆ ತಪಾಸಣೆಗೆ ಹೋದರೂ ಪಂಪ್ ನೋಡುವ ಮೊದಲು ತುಂಬುವ ಕೊಳವೆಯನ್ನೇ ನೋಡುತ್ತಿದ್ದೆ.

ವಸತಿ ಸಂಘದ ಕಾರ್ಯದರ್ಶಿ:

ಈ ಕೋನದಿಂದ ನಾನು ಯೋಚಿಸಿರಲಿಲ್ಲ. ನಮ್ಮಲ್ಲಿ ಕಳೆದ ವರ್ಷ ಟ್ಯಾಂಕ್ ತೊಳೆಸಿದಾಗ ಮತ್ತೆ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ಬರೆದಿಟ್ಟಿಲ್ಲ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ತರುತ್ತೇನೆ.

ಕಟ್ಟಡ ಮೇಲ್ವಿಚಾರಕಿ:

ಎಲ್ಲರಿಗೂ ಧನ್ಯವಾದಗಳು. ಇವತ್ತು ಪ್ಲಂಬರ್ ಜೊತೆ ಮುಚ್ಚಳ ತೆಗೆಸಿ ನೋಡಿದೆ. ವಿನ್ಯಾಸಕರ ಊಹೆ ನಿಜ, ಕೊಳವೆ 25 ಮಿಲಿಮೀಟರ್‌ನದ್ದೇ. ಜೊತೆಗೆ ಇನ್ನೂ ಮೂರು ಸಂಗತಿಗಳು ಕಂಡವು. ವಾಲ್ವ್‌ಗಿಂತ ಮೊದಲಿರುವ ಜಾಲರಿಯಲ್ಲಿ ಮರಳು ಮತ್ತು ತುಕ್ಕಿನ ಚೂರು ಅರ್ಧದಷ್ಟು ತುಂಬಿಕೊಂಡಿತ್ತು. ನೀರಿನ ಸದ್ದು ಬರಬಾರದೆಂದು ಯಾರೋ ತುಂಬುವ ಕೊಳವೆಯ ತುದಿಗೆ ಇನ್ನೊಂದು ತುಂಡು ಸೇರಿಸಿ ನೀರಿನೊಳಗೆ ಮುಳುಗುವಂತೆ ಮಾಡಿದ್ದಾರೆ. ಮತ್ತು ಆ ಕೊಳವೆ, ಪಂಪ್‌ಗೆ ನೀರು ಎಳೆಯುವ ಕೊಳವೆಯ ಪಕ್ಕದಲ್ಲಿಯೇ ಇದೆ. ಹೆಚ್ಚಾದ ನೀರನ್ನು ಹೊರಬಿಡುವ ಓವರ್‌ಫ್ಲೋ ಕೊಳವೆ 50 ಮಿಲಿಮೀಟರ್‌ನದ್ದು.

ಜಾಲರಿ ತೊಳೆಸಿದ ಬಳಿಕ, ಮಟ್ಟವನ್ನು ಸ್ವಲ್ಪ ಇಳಿಸಿ ಮತ್ತೆ ತುಂಬಿಸಿ ನೋಡಿದಾಗ ಗಂಟೆಗೆ ಏಳೂವರೆ ಸೆಂಟಿಮೀಟರ್ ಏರಿತು. ಸುಧಾರಣೆ ಇದೆ, ಆದರೆ ಲೆಕ್ಕಕ್ಕೆ ಇನ್ನೂ 33 ಗಂಟೆ.

ಕೊಳವೆ ವಿನ್ಯಾಸಕ:

ನೀವು ಹೇಳಿದ ಮೂರು ಸಂಗತಿಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಮುಳುಗಿದ ತುದಿ. ಹೊರಗಿನ ಸರಬರಾಜು ಕೊಳವೆಯಲ್ಲಿ ಒತ್ತಡ ಕುಸಿದರೆ, ಮುಳುಗಿದ ತುದಿಯಿಂದ ಟ್ಯಾಂಕ್‌ನ ನೀರು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ನಿಂತ, ಪಾಚಿ ಮತ್ತು ಹೂಳಿರುವ ನೀರು ಕುಡಿಯುವ ನೀರಿನ ಜಾಲಕ್ಕೆ ಸೇರಿದರೆ ಅದು ನಿಮ್ಮ ಕಟ್ಟಡದ ಗೋಡೆಯೊಳಗೇ ಮುಗಿಯುವ ತೊಂದರೆಯಲ್ಲ. ತುದಿಗೂ ಅತಿ ಎತ್ತರದ ನೀರಿನ ಮಟ್ಟಕ್ಕೂ ನಡುವೆ ಬರೀ ಗಾಳಿಯಿರುವ ಬಯಲು ಅಂತರ ಇರಲೇಬೇಕು. ಕೊಳವೆಯ ವ್ಯಾಸದ ಎರಡರಷ್ಟು ಅಂತರ ಬಿಡುವುದು ರೂಢಿ. ಇಲ್ಲಿ ಅತಿ ಎತ್ತರದ ಮಟ್ಟವೆಂದರೆ ವಾಲ್ವ್ ಮುಚ್ಚುವ ಮಟ್ಟವಲ್ಲ, ವಾಲ್ವ್ ಕೆಟ್ಟು ಓವರ್‌ಫ್ಲೋ ಹರಿಯುವಾಗ ನೀರು ನಿಲ್ಲುವ ಮಟ್ಟ. ಸೇರಿಸಿರುವ ತುಂಡನ್ನು ಇವತ್ತೇ ಕತ್ತರಿಸಿ ತೆಗೆಸಿ.

ಎರಡನೆಯದಾಗಿ, ತುಂಬುವ ನೀರು ಎಳೆಯುವ ಕೊಳವೆಯ ಪಕ್ಕದಲ್ಲಿ ಬೀಳಬಾರದು. ಮೇಲಿನಿಂದ ಬೀಳುವ ನೀರು ಗುಳ್ಳೆಗಳನ್ನು ಆಳಕ್ಕೆ ಒಯ್ಯುತ್ತದೆ, ಪಂಪ್ ಆ ಗಾಳಿಯನ್ನು ಹೀರಿದರೆ ಒತ್ತಡ ಕುಸಿಯುತ್ತದೆ. ಹೊಸ ಕೊಳವೆಯನ್ನು ಎದುರು ಮೂಲೆಗೆ ಒಯ್ಯಿರಿ.

ಈಗ ಓವರ್‌ಫ್ಲೋ. ಇದನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಒಳಬರುವ ಕೊಳವೆಯನ್ನು ದೊಡ್ಡದು ಮಾಡಿದ ಕೂಡಲೇ ಹೊರಹೋಗುವ ದಾರಿಯೂ ದೊಡ್ಡದಾಗಬೇಕು. ಓವರ್‌ಫ್ಲೋ ಸಾಮರ್ಥ್ಯವು ತುಂಬುವ ಹರಿವಿಗಿಂತ ಕಡಿಮೆ ಇರಬಾರದು, ವ್ಯಾಸ 80 ಮಿಲಿಮೀಟರ್‌ಗಿಂತ ಸಣ್ಣದಾಗಬಾರದು ಎಂದು ಎನ್‌ಎಫ್‌ಪಿಎ 22 ಹೇಳುತ್ತದೆ. ತುಂಬುವ ಕೊಳವೆಯಲ್ಲಿ ನೀರನ್ನು ತಳ್ಳಲು ಒತ್ತಡವಿದೆ, ಓವರ್‌ಫ್ಲೋನಲ್ಲಿ ಕೆಲವೇ ಸೆಂಟಿಮೀಟರ್ ನೀರಿನ ಭಾರ ಮಾತ್ರ ಇರುತ್ತದೆ. ಆದ್ದರಿಂದ ನಾನು ಯಾವಾಗಲೂ ಒಂದು ಅಳತೆ ದೊಡ್ಡದನ್ನೇ ಹಾಕಿಸುತ್ತೇನೆ. 80 ಒಳಗೆ ಬಂದರೆ 100 ಹೊರಗೆ.

ಕೊನೆಯದಾಗಿ ಒಂದು ಪ್ರಶ್ನೆ: ನೀವು ಹೇಳಿದ 2.5 ಮೀಟರ್ ಎಲ್ಲಿಂದ ಅಳೆದದ್ದು?

ಕಟ್ಟಡ ಮೇಲ್ವಿಚಾರಕಿ:

ತಳದಿಂದ ಅಳೆದದ್ದು. ಎಳೆಯುವ ಕೊಳವೆಯ ಬಾಯಿಯಲ್ಲಿ ಒಂದು ಅಗಲವಾದ ತಗಡಿದೆ, ಅದು ತಳದಿಂದ 15 ಸೆಂಟಿಮೀಟರ್ ಮೇಲಿದೆ.

ಕೊಳವೆ ವಿನ್ಯಾಸಕ:

ಆ ತಗಡು ಸುಳಿ ಏಳದಂತೆ ತಡೆಯಲು ಇಟ್ಟದ್ದು. ಅದಕ್ಕಿಂತ ಕೆಳಗಿನ ನೀರನ್ನು ಪಂಪ್ ಬಳಸಬಲ್ಲ ನೀರೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಏಕೆಂದರೆ ಮಟ್ಟ ಅಲ್ಲಿಗೆ ಇಳಿದಾಗ ಪಂಪ್ ಗಾಳಿ ಹೀರತೊಡಗುತ್ತದೆ. ಹಾಗಾಗಿ ನಿಮ್ಮಲ್ಲಿ ನಿಜಕ್ಕೂ ಕೈಗೆ ಸಿಗುವುದು 2.35 ಮೀಟರ್ ಎತ್ತರದ ನೀರು, ಅಂದರೆ 1,12,800 ಲೀಟರ್. ಬೇಕಾದದ್ದು 1,20,000. ಕೊರತೆ 7,200 ಲೀಟರ್, ವಿನ್ಯಾಸದ ಹರಿವಿನಲ್ಲಿ ಅದು ಮೂರೂವರೆ ನಿಮಿಷಕ್ಕೂ ಸ್ವಲ್ಪ ಹೆಚ್ಚು. ನೀರಿನ ಮಟ್ಟವನ್ನು 15 ಸೆಂಟಿಮೀಟರ್ ಏರಿಸಲು ಚಾವಣಿಯ ಕೆಳಗೆ ಜಾಗವಿದ್ದರೆ ಓವರ್‌ಫ್ಲೋ ಬದಲಿಸುವಾಗಲೇ ಅದನ್ನೂ ಮುಗಿಸಿಬಿಡಿ. ಜಾಗವಿಲ್ಲದಿದ್ದರೆ, ಎಳೆಯುವ ಜಾಗದಲ್ಲಿ ತಗ್ಗು ಗುಂಡಿ ಮಾಡಿಸಿ ತಗಡನ್ನು ಕೆಳಗಿಳಿಸುವುದು ಇನ್ನೊಂದು ದಾರಿ.

ಪಂಪ್ ಆಪರೇಟರ್:

ನಾನು ಹಲವು ವರ್ಷಗಳಿಂದ ಪಂಪ್‌ಹೌಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಎರಡು ಅನುಭವದ ಮಾತುಗಳನ್ನು ಸೇರಿಸುತ್ತೇನೆ.

ಮೊದಲನೆಯದು, ಪರೀಕ್ಷೆಯ ನೀರನ್ನು ಚರಂಡಿಗೆ ಬಿಡುವ ಬದಲು ಹರಿವಿನ ಮೀಟರ್ ಮೂಲಕ ಮತ್ತೆ ಟ್ಯಾಂಕ್‌ಗೇ ತರುವ ಕೊಳವೆಯನ್ನು ಹಾಕಿಸಬಹುದು. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ವಾರ್ಷಿಕ ಪರೀಕ್ಷೆಯ ದಿನ ಮಟ್ಟ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಆದರೆ ಮರಳಿ ಬರುವ ನೀರೂ ಎಳೆಯುವ ಕೊಳವೆಯಿಂದ ದೂರದಲ್ಲಿ ಬೀಳಬೇಕು; ನಿಮಿಷಕ್ಕೆ 3,000 ಲೀಟರ್ ನೀರು ಬಂದು ಬಿದ್ದರೆ ಏಳುವ ನೊರೆ ಸಾಮಾನ್ಯದ್ದಲ್ಲ. ಮೀಟರ್‌ನಿಂದ ನೀರನ್ನು ಟ್ಯಾಂಕ್‌ಗೆ ತರದೆ ನೇರವಾಗಿ ಪಂಪ್‌ನ ಎಳೆಯುವ ಬದಿಗೇ ಜೋಡಿಸುವವರಿದ್ದಾರೆ. ಅದರಲ್ಲಿ ಟ್ಯಾಂಕ್‌ನಿಂದ ಪಂಪ್‌ವರೆಗಿನ ದಾರಿಯಲ್ಲಿ ಏನಾದರೂ ಕಟ್ಟಿಕೊಂಡಿದ್ದರೆ ಗೊತ್ತಾಗುವುದೇ ಇಲ್ಲ.

ಎರಡನೆಯದು, ಬಾಲ್ ಇರುವ ಮಾಮೂಲಿ ಫ್ಲೋಟ್ ವಾಲ್ವ್ ಮಟ್ಟ ಏರಿದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದ ಕೊನೆಯ ಹತ್ತು ಇಪ್ಪತ್ತು ಸೆಂಟಿಮೀಟರ್ ತುಂಬಲು ಲೆಕ್ಕಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಪೈಲಟ್‌ನಿಂದ, ಅಂದರೆ ಒಂದು ಸಣ್ಣ ನಿಯಂತ್ರಕ ವಾಲ್ವ್‌ನಿಂದ, ನಡೆಯುವ ವಾಲ್ವ್ ಹಾಕಿಸಿದರೆ ನಿಗದಿತ ಮಟ್ಟ ಬರುವವರೆಗೂ ಪೂರ್ತಿ ತೆರೆದಿದ್ದು ಆಮೇಲೆ ಮುಚ್ಚುತ್ತದೆ. ಪಕ್ಕದಲ್ಲಿ ಆ ವಾಲ್ವನ್ನು ತಪ್ಪಿಸಿ ನೀರು ಹರಿಸುವ, ಕೈಯಿಂದ ತೆರೆಯುವ ಬೈಪಾಸ್ ಒಂದು ಇರಲಿ. ಫ್ಲೋಟ್ ಸಿಕ್ಕಿಹಾಕಿಕೊಂಡ ರಾತ್ರಿ ಅದೇ ಕೈ ಹಿಡಿಯುವುದು.

ತೊಟ್ಟಿ ಗುತ್ತಿಗೆದಾರ:

ಮೇಲ್ವಿಚಾರಕಿಯವರು ತಗ್ಗು ಗುಂಡಿ ಮಾಡಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕಾಗುತ್ತದೆ. ಟ್ಯಾಂಕ್ ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸದಲ್ಲಿರುವ ನಾನು ಅದಕ್ಕೆ ಮೊದಲು ಮೂರು ವಿಷಯ ಹೇಳಲೇಬೇಕು.

ನೆಲದಡಿಯ ಟ್ಯಾಂಕ್ ತುಂಬಿರುವಾಗ ಅದರ ಭಾರವೇ ಅದನ್ನು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಿರುವಾಗ ಖಾಲಿ ಮಾಡಿದರೆ ಟ್ಯಾಂಕ್ ದೋಣಿಯಂತೆ ಮೇಲೇಳಲು ನೋಡುತ್ತದೆ. 48 ಚದರ ಮೀಟರ್ ತಳದ ಟ್ಯಾಂಕ್‌ನ ಬುಡಕ್ಕಿಂತ 2 ಮೀಟರ್ ಎತ್ತರದಲ್ಲಿ ಹೊರಗಿನ ನೀರು ನಿಂತಿದ್ದರೆ, ಕೆಳಗಿನಿಂದ ಮೇಲಕ್ಕೆ ತಳ್ಳುವ ಬಲ 96 ಟನ್ ಭಾರಕ್ಕೆ ಸಮ. ಗೋಡೆ, ತಳ, ಚಾವಣಿಯ ಭಾರ ಅದನ್ನು ತಡೆಯುವಷ್ಟಿದೆಯೇ ಎಂದು ಎಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸದೆ ಖಾಲಿ ಮಾಡಬೇಡಿ. ತಳ ಬಿರಿದ ಟ್ಯಾಂಕ್ ಒಂದನ್ನು ನಾನು ದುರಸ್ತಿ ಮಾಡಿದ್ದೇನೆ, ಕಾರಣ ಇದೇ ಆಗಿತ್ತು.

ಒಳಗೆ ಇಳಿಯುವವರ ಪ್ರಾಣದ ವಿಷಯ ಎಲ್ಲಕ್ಕಿಂತ ದೊಡ್ಡದು. ಮುಚ್ಚಿದ ಟ್ಯಾಂಕ್‌ನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಕಬ್ಬಿಣ ತುಕ್ಕು ಹಿಡಿಯುವುದೂ ಆಮ್ಲಜನಕವನ್ನು ತಿನ್ನುತ್ತದೆ, ಹೂಳು ಕೊಳೆತರೆ ವಿಷಾನಿಲ ಹುಟ್ಟುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. ಅಳತೆಯಲ್ಲಿ ಶೇ. 19.5ಕ್ಕಿಂತ ಕಡಿಮೆ ಬಂದರೆ ಯಾರೂ ಇಳಿಯಬಾರದು. ಮೇಲೆ ಒಬ್ಬರು ಕಾವಲು ನಿಲ್ಲಬೇಕು, ಗಾಳಿ ಊದುವ ಯಂತ್ರ ಓಡುತ್ತಲೇ ಇರಬೇಕು, ಒಳಗಿರುವವರು ಕುಸಿದರೆ ಮೇಲಿರುವವರು ಹಿಂದೆಯೇ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಸಾಯುವುದು ಹೀಗೆಯೇ.

ಇನ್ನು ಮತ್ತೆ ತುಂಬುವ ವೇಗ. ಹೊಸದಾಗಿ ಕಟ್ಟಿದ ಅಥವಾ ದೊಡ್ಡ ದುರಸ್ತಿ ಆದ ಕಾಂಕ್ರೀಟ್ ಟ್ಯಾಂಕ್‌ಗೆ ಮೊದಲ ಸಲ ನೀರನ್ನು ನಿಧಾನವಾಗಿ ಬಿಡಬೇಕು. 24 ಗಂಟೆಗೆ 2 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂದು ಹಿಂದಿನ ಬ್ರಿಟಿಷ್ ಮಾನಕ ಬಿಎಸ್ 8007 ಹೇಳುತ್ತಿತ್ತು, ನಾನು ಈಗಲೂ ಅದನ್ನೇ ಪಾಲಿಸುತ್ತೇನೆ. 2.5 ಮೀಟರ್‌ಗೆ 30 ಗಂಟೆ ಆಯಿತು. ಹಾಗೆಂದು 8 ಗಂಟೆಯ ನಿಯಮಕ್ಕೂ ಇದಕ್ಕೂ ಜಗಳವಿಲ್ಲ: ಕೊಳವೆಗೆ 8 ಗಂಟೆಯಲ್ಲಿ ತುಂಬಿಸುವ ಶಕ್ತಿ ಇರಬೇಕು, ಮೊದಲ ಸಲ ಮಾತ್ರ ವಾಲ್ವ್ ತಿರುಗಿಸಿ ಹರಿವನ್ನು ತಗ್ಗಿಸಿಕೊಳ್ಳಬೇಕು.

ನಿವೃತ್ತ ಅಗ್ನಿಶಾಮಕ ಅಧಿಕಾರಿ:

ಗುತ್ತಿಗೆದಾರರ ಮಾತಿಗೆ ಹೊಂದಿಕೊಂಡಂತೆ ಒಂದು ಮಾತು. ಟ್ಯಾಂಕ್ ಖಾಲಿ ಇರುವ ಅಷ್ಟೂ ಹೊತ್ತು ಕಟ್ಟಡಕ್ಕೆ ಸ್ಪ್ರಿಂಕ್ಲರ್ ರಕ್ಷಣೆ ಇಲ್ಲ ಎಂದೇ ತಿಳಿಯಬೇಕು. ನಿರ್ವಹಣೆಗೆ ಸಂಬಂಧಿಸಿದ ಎನ್‌ಎಫ್‌ಪಿಎ 25 ಮಾನಕದ ಪ್ರಕಾರ 24 ಗಂಟೆಯ ಅವಧಿಯಲ್ಲಿ 10 ಗಂಟೆಗಿಂತ ಹೆಚ್ಚು ಹೊತ್ತು ರಕ್ಷಣೆ ಸ್ಥಗಿತವಾದರೆ ಆ ಭಾಗದಿಂದ ಜನರನ್ನು ತೆರವುಗೊಳಿಸಬೇಕು, ಇಲ್ಲವೇ ಗಸ್ತು ಕಾವಲು ಇಡಬೇಕು, ಇಲ್ಲವೇ ತಾತ್ಕಾಲಿಕವಾಗಿ ಬೇರೆ ನೀರಿನ ವ್ಯವಸ್ಥೆ ಮಾಡಬೇಕು. ಬೆಸುಗೆಯಂಥ ಕಿಡಿ ಹಾರುವ ಕೆಲಸವನ್ನು ಆ ಅವಧಿಯಲ್ಲಿ ನಿಲ್ಲಿಸಿ, ಅಗ್ನಿಶಾಮಕ ಠಾಣೆಗೆ ಮತ್ತು ವಿಮಾ ಸಂಸ್ಥೆಗೆ ಮೊದಲೇ ತಿಳಿಸಿ. ಕೆಲಸ ಮುಗಿದು ಟ್ಯಾಂಕ್ ತುಂಬಿದ ಮೇಲೆ ಅವರಿಗೆ ಮತ್ತೆ ತಿಳಿಸುವುದನ್ನೂ ಮರೆಯಬೇಡಿ.

ಟ್ಯಾಂಕನ್ನು ಗೋಡೆಯಿಂದ ಎರಡು ಭಾಗ ಮಾಡಿ, ಎರಡೂ ಭಾಗದಿಂದ ಪಂಪ್‌ಗೆ ಪ್ರತ್ಯೇಕ ಕೊಳವೆ, ಎರಡಕ್ಕೂ ಪ್ರತ್ಯೇಕವಾಗಿ ತುಂಬುವ ಕೊಳವೆ ಇಟ್ಟವರಿಗೆ ಈ ಪೇಚಾಟ ಅರ್ಧಕ್ಕರ್ಧ ತಪ್ಪುತ್ತದೆ. ಒಂದನ್ನು ತೊಳೆಯುವಾಗ ಇನ್ನೊಂದು ಕಾಯುತ್ತಿರುತ್ತದೆ. ಹೊಸದಾಗಿ ಕಟ್ಟುವವರು ಇದನ್ನು ನಕ್ಷೆಯ ಹಂತದಲ್ಲಿಯೇ ಕೇಳಿ ಪಡೆಯಬೇಕು.

ವಸತಿ ಸಂಘದ ಕಾರ್ಯದರ್ಶಿ:

ತುರ್ತು ಬಂದರೆ ಟ್ಯಾಂಕರ್ ತರಿಸಿ ತುಂಬಿಸಿದರಾಯಿತು ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅದು ಆಗುವ ಮಾತೇ?

ಪಂಪ್ ಆಪರೇಟರ್:

ಆಪತ್ತಿಗೆ ಆಗುತ್ತದೆ, ಆದರೆ ಅದನ್ನೇ ವ್ಯವಸ್ಥೆ ಎಂದು ನಂಬಬಾರದು. 10,000 ಲೀಟರ್‌ನ ಟ್ಯಾಂಕರ್ ಎಂದುಕೊಂಡರೂ ಮೇಲ್ವಿಚಾರಕಿಯವರ ಟ್ಯಾಂಕ್‌ಗೆ ಹನ್ನೆರಡು ಲೋಡ್ ಬೇಕು. ಬಂದು, ಖಾಲಿ ಮಾಡಿ, ಹೋಗಿ, ಮತ್ತೆ ತುಂಬಿಸಿಕೊಂಡು ಬರುವ ಹೊತ್ತನ್ನು ನೀವೇ ಲೆಕ್ಕ ಹಾಕಿ. ನೀರು ಎಲ್ಲಿಯದೆಂದೂ ಕೇಳಬೇಕು. ಮರಳು, ಕೆಸರು ಬೆರೆತ ನೀರು ಬಿದ್ದರೆ ಹೂಳು ತಳದಲ್ಲಿ ಕೂತು, ಬೇಕಾದ ದಿನ ಪಂಪ್ ಮೂಲಕ ಕೊಳವೆಗಳಿಗೆ ಹೋಗಿ ಹೆಡ್‌ಗಳ ಬಾಯಿ ಕಟ್ಟುತ್ತದೆ. ಉಪ್ಪು ನೀರಂತೂ ಬೇಡವೇ ಬೇಡ. ಟ್ಯಾಂಕರ್ ಬಳಸಲೇಬೇಕಾದರೆ ಮುಚ್ಚಳ ತೆಗೆದು ಹೋಸ್ ಇಳಿಬಿಡುವ ಬದಲು, ಜಾಲರಿ ಇರುವ ಪ್ರತ್ಯೇಕ ಬಾಯಿಯೊಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ನಿಮ್ಮ ವಸತಿ ಸಮುಚ್ಚಯದಲ್ಲಿ ಬಳಕೆಯ ನೀರಿನ ಟ್ಯಾಂಕ್ ಪಕ್ಕದಲ್ಲಿಯೇ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಹೊರಗಿನಿಂದ ಬರುವ ನೀರೆಲ್ಲ ಮೊದಲು ಅಗ್ನಿ ಟ್ಯಾಂಕ್‌ಗೆ ಬಿದ್ದು, ಅದು ತುಂಬಿದ ಮೇಲೆ ಮೇಲಿನಿಂದ ಹೊರಳಿ ಬಳಕೆಯ ಟ್ಯಾಂಕ್‌ಗೆ ಹೋಗುವಂತೆ ಮಾಡಿದರೆ, ಅಗ್ನಿ ಟ್ಯಾಂಕ್ ಸದಾ ತುಂಬಿರುತ್ತದೆ, ನೀರೂ ಹಳಸುವುದಿಲ್ಲ. ನೀರಿಗೆ ಬರ ಬಂದ ದಿನ ಮೊದಲು ಬರಿದಾಗುವುದು ಬಳಕೆಯ ಟ್ಯಾಂಕ್, ಅಗ್ನಿ ಟ್ಯಾಂಕ್ ಅಲ್ಲ.

ಕೊಳವೆ ವಿನ್ಯಾಸಕ:

ಆಪರೇಟರ್ ಅವರು ಹೇಳಿದ ವ್ಯವಸ್ಥೆ ನನಗೂ ಇಷ್ಟ. ಆದರೆ ಹಾಗಿಲ್ಲದ ಕಡೆ, ತಾನಾಗಿ ತುಂಬುವ ಟ್ಯಾಂಕ್‌ಗೆ ಒಂದು ದೋಷವಿದೆ. ಅದು ಸೋರಿಕೆಯನ್ನು ಮುಚ್ಚಿಡುತ್ತದೆ. ದಿನಕ್ಕೆ ಐದಾರು ಸಾವಿರ ಲೀಟರ್ ನೆಲದೊಳಗೆ ಹೋಗುತ್ತಿದ್ದರೂ ಫ್ಲೋಟ್ ವಾಲ್ವ್ ಅಷ್ಟನ್ನೂ ತುಂಬಿಸುತ್ತಾ ಮಟ್ಟವನ್ನು ಸರಿಯಾಗಿ ತೋರಿಸುತ್ತಿರುತ್ತದೆ. ವಾಲ್ವ್‌ನ ಸೀಟು ಸವೆದು ನೀರು ಓವರ್‌ಫ್ಲೋ ಮೂಲಕ ಕಣ್ಣಿಗೆ ಕಾಣದ ಚರಂಡಿಗೆ ಹರಿಯುತ್ತಿದ್ದರೂ ಅಷ್ಟೇ. ಆದ್ದರಿಂದ ತುಂಬುವ ಕೊಳವೆಗೆ ಒಂದು ಮೀಟರ್ ಹಾಕಿಸಿ ವಾರಕ್ಕೊಮ್ಮೆ ಓದಿ ಬರೆದಿಡಿ, ಓವರ್‌ಫ್ಲೋ ಬಾಯಿ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ. ಪರೀಕ್ಷೆ ಇಲ್ಲದ ವಾರದಲ್ಲಿಯೂ ಮೀಟರ್ ಓಡಿದ್ದರೆ ಏನೋ ತಪ್ಪಿದೆ ಎಂದರ್ಥ.

ಎಚ್ಚರಿಕೆಯ ಗಂಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಟ್ಟ 30 ಸೆಂಟಿಮೀಟರ್ ಇಳಿದರೆ ಸಂಕೇತ ಬರಬೇಕೆಂದು ಅಗ್ನಿ ಎಚ್ಚರಿಕೆ ವ್ಯವಸ್ಥೆಗಳ ಮಾನಕವಾದ ಎನ್‌ಎಫ್‌ಪಿಎ 72 ಹೇಳುತ್ತದೆ. ನಿಮ್ಮ ಟ್ಯಾಂಕ್‌ನಲ್ಲಿ 30 ಸೆಂಟಿಮೀಟರ್ ಎಂದರೆ 14,400 ಲೀಟರ್, ಏಳು ನಿಮಿಷದ ನೀರು. ನನ್ನ ಅಭಿಪ್ರಾಯದಲ್ಲಿ ಅದನ್ನು ಇನ್ನೂ ಮೇಲೆ, 15 ಸೆಂಟಿಮೀಟರ್‌ಗೇ ಇಡುವುದು ಒಳ್ಳೆಯದು.

ಪಂಪ್ ಆಪರೇಟರ್:

ಈ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ. 15 ಸೆಂಟಿಮೀಟರ್‌ಗೆ ಇಟ್ಟರೆ ಪ್ರತಿ ಸಣ್ಣ ಪರೀಕ್ಷೆಗೂ ಗಂಟೆ ಹೊಡೆಯುತ್ತದೆ, ಒಂದೆರಡು ತಿಂಗಳಲ್ಲಿ ಕಾವಲಿನವರು ಅದನ್ನು ಆರಿಸಿ ಇಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಅದರ ಬದಲು 30ಕ್ಕೇ ಬಿಟ್ಟು, ತುಂಬುವ ಕೊಳವೆಯ ವಾಲ್ವ್ ಮುಚ್ಚಿದರೆ ಸಂಕೇತ ಬರುವಂತೆ ಇನ್ನೊಂದು ಸ್ವಿಚ್ ಹಾಕಿಸಿ. ಟ್ಯಾಂಕ್ ತುಂಬದೇ ಉಳಿದ ಪ್ರಸಂಗಗಳಲ್ಲಿ ನಾನು ಹೆಚ್ಚು ಕಂಡದ್ದು ಪ್ಲಂಬರ್ ಮುಚ್ಚಿ ಮರೆತ ವಾಲ್ವ್‌ಗಳನ್ನೇ.

ಕೊಳವೆ ವಿನ್ಯಾಸಕ:

ಅನುಭವದ ಮಾತು, ಒಪ್ಪಿದೆ. 30 ಇರಲಿ, ವಾಲ್ವ್‌ಗೆ ಸ್ವಿಚ್ ಬರಲಿ.

ಕಟ್ಟಡ ಮೇಲ್ವಿಚಾರಕಿ:

ಏಳು ವಾರಗಳ ಬಳಿಕ ಮರಳಿ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತುಗಳನ್ನು ಅಚ್ಚು ಹಾಕಿಸಿ ನಮ್ಮ ವ್ಯವಸ್ಥಾಪಕರ ಮುಂದಿಟ್ಟಾಗ ಅವರು ಮೊದಲು ಕೇಳಿದ್ದು ಖರ್ಚಿನ ಬಗ್ಗೆ, ಆದರೆ 42 ಗಂಟೆ ಎಂಬ ಲೆಕ್ಕ ಕಂಡ ಮೇಲೆ ಹೆಚ್ಚು ವಾದ ಮಾಡಲಿಲ್ಲ.

ಮುಳುಗಿದ ತುಂಡನ್ನು ಅದೇ ದಿನ ಕತ್ತರಿಸಿ ತೆಗೆಸಿದೆವು. ಸರಬರಾಜು ಮುಖ್ಯ ಕೊಳವೆಯಿಂದ ಪ್ರತ್ಯೇಕ ಜೋಡಣೆ, ದೊಡ್ಡ ಮೀಟರ್, ತೊಳೆಯಲು ಸುಲಭವಾದ ಜಾಲರಿ, 80 ಮಿಲಿಮೀಟರ್ ಕೊಳವೆ, ಪೈಲಟ್ ವಾಲ್ವ್ ಮತ್ತು ಕೈ ಬೈಪಾಸ್ ಬಂದಿವೆ. ನೀರು ಈಗ ಎಳೆಯುವ ಕೊಳವೆಯ ಎದುರು ಮೂಲೆಯಲ್ಲಿ ಬೀಳುತ್ತದೆ. ಚಾವಣಿಯ ಕೆಳಗೆ ಜಾಗವಿದ್ದದ್ದರಿಂದ ತಗ್ಗು ಗುಂಡಿಯ ಗೊಡವೆಗೆ ಹೋಗದೆ, 100 ಮಿಲಿಮೀಟರ್‌ನ ಹೊಸ ಓವರ್‌ಫ್ಲೋವನ್ನು ಮೊದಲಿಗಿಂತ ಎತ್ತರದಲ್ಲಿ ಕೂರಿಸಿ ನೀರಿನ ಮಟ್ಟವನ್ನು 15 ಸೆಂಟಿಮೀಟರ್ ಏರಿಸಿದೆವು. ಹೆಚ್ಚಿನ ನೀರಿನ ಭಾರವನ್ನು ಗೋಡೆಗಳು ತಡೆಯುತ್ತವೆಯೇ ಎಂದು ಎಂಜಿನಿಯರ್ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಈ ಕೆಲಸ ಮಾಡಿಸಿದ್ದು. ಟ್ಯಾಂಕ್ ಪೂರ್ತಿ ಖಾಲಿ ಮಾಡುವ ಸಂದರ್ಭವೇ ಬರಲಿಲ್ಲ.

ನಿನ್ನೆ ಅಳತೆ ಮಾಡಿದೆವು. ಮಟ್ಟವನ್ನು ಒಂದು ಮೀಟರ್ ಇಳಿಸಿ, ವಾಲ್ವ್ ತೆರೆದು, ಅರ್ಧ ಗಂಟೆಗೊಮ್ಮೆ ಕೋಲು ಇಳಿಸಿ ಬರೆದುಕೊಂಡೆ. ಗಂಟೆಗೆ 34 ಸೆಂಟಿಮೀಟರ್ ಏರಿತು, ಅಂದರೆ 16,320 ಲೀಟರ್. ತಳದಿಂದ 2.65 ಮೀಟರ್ ತುಂಬಲು ಈ ವೇಗದಲ್ಲಿ 7 ಗಂಟೆ 48 ನಿಮಿಷ ಸಾಕು. ಭರ್ತಿಯಾದ ಮೇಲೆ ಬೈಪಾಸ್ ತೆರೆದು ಬೇಕೆಂದೇ ನೀರು ಬಿಟ್ಟೆವು. ಓವರ್‌ಫ್ಲೋ ಇಪ್ಪತ್ತು ನಿಮಿಷ ಪೂರ್ತಿ ಹರಿವನ್ನು ಹೊರಗೆ ಹಾಕಿತು, ನೀರು ತುಂಬುವ ಕೊಳವೆಯ ತುದಿಯನ್ನು ಮುಟ್ಟಲಿಲ್ಲ. ಬೈಪಾಸ್ ಮುಚ್ಚಿ ಬೀಗ ಹಾಕಿದ್ದೇವೆ.

ಒಂದು ಸಂದೇಹ ಉಳಿದಿದೆ. ಅಳತೆ ಮಾಡಿದ್ದು ಮಧ್ಯಾಹ್ನ. ಬೆಳಗಿನ ಹೊತ್ತು ಸುತ್ತಲಿನ ಎಲ್ಲ ಕಟ್ಟಡಗಳೂ ನೀರು ಎಳೆಯುವಾಗ ಸರಬರಾಜಿನ ಒತ್ತಡ ಇಷ್ಟಿರುವುದಿಲ್ಲ.

ಕೊಳವೆ ವಿನ್ಯಾಸಕ:

ಒಳ್ಳೆಯ ಕೆಲಸ ಮಾಡಿಸಿದ್ದೀರಿ. ಸಂದೇಹವೂ ಸರಿಯೇ. 8 ಗಂಟೆಗೆ ಹನ್ನೆರಡೇ ನಿಮಿಷ ಉಳಿದಿರುವುದರಿಂದ ಒತ್ತಡ ಸ್ವಲ್ಪ ಇಳಿದರೂ ಮಿತಿ ದಾಟುತ್ತದೆ. ಬೆಳಿಗ್ಗೆ 6ರಿಂದ 9ರವರೆಗೆ ಒಮ್ಮೆ, ಬೇಸಿಗೆಯಲ್ಲಿ ಇನ್ನೊಮ್ಮೆ ಇದೇ ರೀತಿ ಅಳೆದು, ಮೂರರಲ್ಲಿ ಕಡಿಮೆ ಬಂದದ್ದನ್ನು ಕಡತದಲ್ಲಿ ಬರೆಯಿರಿ. ಗಂಟೆಗೆ 33 ಸೆಂಟಿಮೀಟರ್‌ಗಿಂತ ಕೆಳಗೆ ಬಂದರೆ ಇಲ್ಲಿಯೇ ತಿಳಿಸಿ. ಆಗ ಕೊಳವೆಯನ್ನು ಮುಟ್ಟುವುದು ಬೇಡ, ಬಳಕೆಯ ಟ್ಯಾಂಕ್‌ನಿಂದ ಇಲ್ಲಿಗೆ ನೀರು ಸಾಗಿಸುವ ಒಂದು ಪಂಪ್ ಇಡುವುದನ್ನು ನೋಡೋಣ.

ಕಟ್ಟಡ ಮೇಲ್ವಿಚಾರಕಿ:

ಸೋಮವಾರ ಬೆಳಿಗ್ಗೆ 6 ಗಂಟೆಗೆ ಕೋಲು ಹಿಡಿದು ನಿಲ್ಲುತ್ತೇನೆ. ಅಳತೆ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.